ಘಟ್ಟ ಹತ್ತಿ ಬರುವ ಡೀಸೆಲ್

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಹೆಸರಲ್ಲಿರುವ ‘ಸಮುದ್ರ’ ಎಂದರೆ ಕೆರೆ. ದೊಡ್ಡ ಕೆರೆಯನ್ನು ಹಾಗೆ ಕರೆಯುವುದು ನಮ್ಮ ಕಡೆಯ ಹಳೆಯ ರೂಢಿ. ಆದರೆ ಇಲ್ಲಿಂದ ವಡ್ಡಹಳ್ಳಿ ಮಾರುಕಟ್ಟೆಗೆ ಟೊಮೆಟೊ ಒಯ್ಯುವ ಟೆಂಪೊದ ಡೀಸೆಲ್ ಬರುವುದು ನಿಜವಾದ ಕಡಲಿನ ದಂಡೆಯಿಂದ.

ಕರ್ನಾಟಕದಲ್ಲಿ ತೈಲಬಾವಿಗಳಿಲ್ಲ. ಕಚ್ಚಾ ತೈಲ ಹಡಗಿನಲ್ಲಿ ಮಂಗಳೂರಿಗೆ ಬಂದು ಎಂಆರ್‌ಪಿಎಲ್ ಸೇರುತ್ತದೆ. 1996ರಲ್ಲಿ ಶುರುವಾದ ಈ ಸಂಸ್ಕರಣಾಗಾರಕ್ಕೆ ಈಗ ವರ್ಷಕ್ಕೆ 1.5 ಕೋಟಿ ಟನ್ ಶುದ್ಧಿ ಮಾಡುವ ಶಕ್ತಿಯಿದೆ. ಅಭಾವದ ಕಾಲಕ್ಕೆಂದು ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 40 ಲಕ್ಷ ಟನ್ ಕೂಡಿಡಬಹುದು. ಆ ಗುಹೆಗಳಿಗೆ ಉಕ್ಕಿನ ಹೊದಿಕೆ ಇಲ್ಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿರುವ ಅಂತರ್ಜಲವೇ ಒಳಮುಖವಾಗಿ ಒತ್ತಿ ಎಣ್ಣೆಯನ್ನು ಹೊರಗೆ ಜಿನುಗಲು ಬಿಡುವುದಿಲ್ಲ. ಕೊಳವೆಬಾವಿ ಬತ್ತುವ ಜಿಲ್ಲೆಯವರಾದ ನಮಗೆ ನೀರಿನ ಈ ಕೆಲಸ ಅಚ್ಚರಿಯದೇ.

ಶುದ್ಧವಾದ ಡೀಸೆಲ್ ಘಟ್ಟ ಹತ್ತುವುದು ನೆಲದಡಿಯ ಕೊಳವೆಯಲ್ಲಿ. 2003ರಿಂದ ಕೆಲಸ ಮಾಡುತ್ತಿರುವ ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನಿನ ಉದ್ದ ಸುಮಾರು 360 ಕಿ.ಮೀ. ಘಟ್ಟದ ಬುಡದ ನೆರಿಯದಲ್ಲಿ ಮತ್ತೆ ಪಂಪು ಮಾಡಿ ಮೇಲಕ್ಕೆ ತಳ್ಳುತ್ತಾರೆ. ಪೆಟ್ರೋಲಿಗೂ ಡೀಸೆಲಿಗೂ ಅದೊಂದೇ ಕೊಳವೆ. ಒಂದರ ಬೆನ್ನಿಗೆ ಇನ್ನೊಂದು ಹೊರಡುತ್ತದೆ, ನಡುವೆ ಅಡ್ಡ ಏನೂ ಇರುವುದಿಲ್ಲ. ರಭಸವಾಗಿ ಹರಿದರೆ ಬೆರಕೆಯಾಗುವ ಭಾಗ ಚಿಕ್ಕದು. ಪೆಟ್ರೋಲ್ ಲೀಟರಿಗೆ ಸುಮಾರು 740 ಗ್ರಾಂ, ಡೀಸೆಲ್ 830 ಗ್ರಾಂ ತೂಗುತ್ತದೆ. ತುದಿಯಲ್ಲಿ ಸಾಂದ್ರತೆ ಅಳೆಯುತ್ತ ಕೂತ ಯಂತ್ರ ಈ ವ್ಯತ್ಯಾಸದಿಂದಲೇ ಯಾವುದು ಬಂತೆಂದು ಹೇಳುತ್ತದೆ. ನಡುವಿನ ಬೆರಕೆಯನ್ನು ಬೇರೆ ತೊಟ್ಟಿಗೆ ತಿರುಗಿಸುತ್ತಾರೆ.

ಆ ತುದಿ ಹೊಸಕೋಟೆ ತಾಲ್ಲೂಕಿನ ದೇವನಗೊಂದಿ. ಇಂಡಿಯನ್ ಆಯಿಲ್‌ನ ಚೆನ್ನೈ ಕೊಳವೆಯೂ ಮುಟ್ಟುವುದು ಅಲ್ಲಿಗೇ, ಎರಡು ಕಡಲಿನ ಎಣ್ಣೆ ಒಂದೇ ಊರಿನಲ್ಲಿ. ಮುಂದಿನ ದಾರಿ ಟ್ಯಾಂಕರ್ ಲಾರಿಯದು. ಹಾಸನದ ಮೇಲೆ ಬರುವ 75ನೇ ಹೆದ್ದಾರಿಯೇ ದೇವರಾಯಸಮುದ್ರವನ್ನೂ ಹಾದುಹೋಗುತ್ತದೆ.

ಬಂಕಿನಲ್ಲಿ ಅನುಮಾನ ಬಂದರೆ ಗೊಣಗಿಕೊಂಡು ಹೊರಡಬೇಡಿ, ಕೇಳಿ. ಲಾರಿಯ ಚಲನ್‌ನಲ್ಲಿ ಡೀಸೆಲಿನ ಡೆನ್ಸಿಟಿ ಬರೆದಿರುತ್ತದೆ. ಬಂಕಿನವರು ಗಾಜಿನ ಕೊಳವೆಯಲ್ಲಿ ಅಳೆದು, 15 ಡಿಗ್ರಿ ಶಾಖಕ್ಕೆ ಲೆಕ್ಕ ಹಾಕಿದಾಗ ಲೀಟರಿಗೆ 3 ಗ್ರಾಂಗಿಂತ ಹೆಚ್ಚು ಅಂತರ ಇರಬಾರದು. ಅಳತೆಯ ಮೇಲೆ ಸಂಶಯವಿದ್ದರೆ ಮುದ್ರೆ ಒತ್ತಿದ 5 ಲೀಟರಿನ ಕ್ಯಾನಿಗೆ ಹಿಡಿಸಿ ನೋಡಿ. 25 ಮಿ.ಲೀ. ವರೆಗಿನ ವ್ಯತ್ಯಾಸಕ್ಕಷ್ಟೇ ಅವಕಾಶ.