ಅಂಚೆಚೀಟಿ ಹೇಳುವ ಸಿನಿಮಾ ಚರಿತ್ರೆ

ಅಂಚೆಚೀಟಿಗಳಲ್ಲಿ ಎರಡು ಬಗೆ. ಒಂದು, ದಿನನಿತ್ಯದ ಬಳಕೆಗೆ ಮತ್ತೆ ಮತ್ತೆ ಮುದ್ರಣವಾಗುವಂಥದ್ದು. ಇನ್ನೊಂದು, ವ್ಯಕ್ತಿ ಅಥವಾ ಘಟನೆಯ ನೆನಪಿಗಾಗಿ ಹೊರಡಿಸುವ ಸ್ಮಾರಕ ಅಂಚೆಚೀಟಿ. ಸಂಗ್ರಹದ ಹವ್ಯಾಸವಿರುವ ನನಗೆ ಎರಡನೆಯದೇ ಹೆಚ್ಚು ಇಷ್ಟ. ಏಕೆಂದರೆ ಅದರಲ್ಲಿರುವ ಚಿತ್ರವನ್ನೂ ಅದು ನೆನೆಯುವ ಇಸವಿಯನ್ನೂ ಯೋಚಿಸಿ ಆರಿಸಿರುತ್ತಾರೆ. ಚಲನಚಿತ್ರಕ್ಕೆ 50 ವರ್ಷ ತುಂಬಿತೆಂದು ಅಮೆರಿಕ 1944ರ ಅಕ್ಟೋಬರ್ 31ರಂದು ಹೊರಡಿಸಿದ 3 ಸೆಂಟಿನ ಅಂಚೆಚೀಟಿಯನ್ನೇ ನೋಡೋಣ.

ಮೊದಲು ಇಸವಿ. 50 ವರ್ಷ ಹಿಂದಕ್ಕೆ ಎಣಿಸಿದರೆ 1894 ಸಿಗುತ್ತದೆ. ಆ ವರ್ಷ ಏಪ್ರಿಲ್ 14ರಂದು ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯಲ್ಲಿ ಕಿನೆಟೋಸ್ಕೋಪ್ ಯಂತ್ರಗಳ ಮಳಿಗೆಯೊಂದು ತೆರೆಯಿತು. ಥಾಮಸ್ ಎಡಿಸನ್ ಅವರ ಪ್ರಯೋಗಾಲಯದಲ್ಲಿ ರೂಪುಗೊಂಡ ಕಿನೆಟೋಸ್ಕೋಪ್ ಒಂದು ಮರದ ಪೆಟ್ಟಿಗೆ. ಒಳಗೆ ಫಿಲ್ಮ್ ಪಟ್ಟಿ ದೀಪದ ಬೆಳಕಿನಲ್ಲಿ ವೇಗವಾಗಿ ಓಡುತ್ತದೆ. ಮೇಲಿನ ಕಿಂಡಿಗೆ ಕಣ್ಣಿಟ್ಟು ಬಗ್ಗಿ ನೋಡಬೇಕು. ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಾಣುತ್ತದೆ!

ಫ್ರಾನ್ಸಿನ ಲೆಕ್ಕ ಬೇರೆ. ಲೂಮಿಯೇರ್ ಸಹೋದರರು ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ಪ್ಯಾರಿಸ್ಸಿನಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿದ್ದು 1895ರ ಡಿಸೆಂಬರ್ 28ರಂದು. ಅದರ 60ನೇ ವರ್ಷಕ್ಕೆ, 1955ರಲ್ಲಿ, ಫ್ರಾನ್ಸ್ ಆ ಸಹೋದರರ ಅಂಚೆಚೀಟಿ ಹೊರಡಿಸಿತು.

ಇನ್ನು ಅಮೆರಿಕದ ಚೀಟಿಯ ಚಿತ್ರ. ಅದರಲ್ಲಿ ಎಡಿಸನ್ ಇಲ್ಲ, ಸಿನಿಮಾ ತಾರೆಯರೂ ಇಲ್ಲ. ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ದಕ್ಷಿಣ ಪೆಸಿಫಿಕ್‌ನಲ್ಲಿದ್ದ ಸೈನಿಕರು ಒಟ್ಟಾಗಿ ಕುಳಿತು ಪರದೆಯ ಮೇಲೆ ಸಿನಿಮಾ ನೋಡುವ ದೃಶ್ಯ ಅದರಲ್ಲಿದೆ. ಮನೆಯಿಂದ ಸಾವಿರಾರು ಮೈಲಿ ದೂರವಿದ್ದವರಿಗೆ ಸಿನಿಮಾ ಏನಾಗಿತ್ತೆಂಬುದನ್ನು ಆ ಚಿತ್ರ ಹೇಳುತ್ತದೆ. 3 ಸೆಂಟ್ ಆಗ ಆ ದೇಶದೊಳಗಿನ ಸಾಮಾನ್ಯ ಪತ್ರದ ದರ. ಹಾಗಾಗಿ ಈ ದೃಶ್ಯ ಮನೆಮನೆಗೂ ತಲುಪಬಲ್ಲದ್ದಾಗಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ಚೀಟಿ ನೆನೆಯುವ ಇಸವಿ ಒಬ್ಬರೇ ನೋಡುವ ಪೆಟ್ಟಿಗೆಯದು, ಅದರ ಚಿತ್ರ ಮಾತ್ರ ಎಲ್ಲರೂ ಕೂಡಿ ನೋಡುವ ಪರದೆಯದು. ಹಾಗಾದರೆ ಸಿನಿಮಾ ಹುಟ್ಟಿದ್ದು ಯಾವಾಗ? ಚಲಿಸುವ ಚಿತ್ರವೇ ಸಿನಿಮಾ ಎಂದರೆ 1894 ಸರಿ. ಜನ ಸೇರಿ ನೋಡುವುದೇ ಸಿನಿಮಾ ಎಂದರೆ 1895 ಸರಿ.

ನಮ್ಮ ದೇಶದಲ್ಲೂ ಇಂಥ ಆಯ್ಕೆ ನಡೆದಿದೆ. ಮುಂಬೈಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಚಿತ್ರಗಳ ಪ್ರದರ್ಶನ ನಡೆದದ್ದು 1896ರ ಜುಲೈ 7ರಂದು. ಆದರೆ ಭಾರತೀಯ ಸಿನಿಮಾದ ಶತಮಾನೋತ್ಸವದ ಅಂಚೆಚೀಟಿಗಳು ಬಂದದ್ದು 2013ರಲ್ಲಿ. ಅಂದರೆ, ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆಕಂಡ 1913ರಿಂದ ಎಣಿಕೆ. ನಾವು ನೋಡಿದ ದಿನವನ್ನಲ್ಲ, ನಾವೇ ತಯಾರಿಸಿದ್ದು ತೆರೆಗೆ ಬಂದ ವರ್ಷವನ್ನು ಆರಂಭವೆಂದು ಒಪ್ಪಿದ್ದೇವೆ.

ಗೆಳೆಯರೇ, ಸಿನಿಮಾ ಕಂಡುಹಿಡಿದವರು ಯಾರೆಂದು ಕ್ವಿಜ್‌ನಲ್ಲಿ ಕೇಳಿದರೆ ಒಂದೇ ಹೆಸರು ಹೇಳಿ ಅಂಕ ಪಡೆಯಬಹುದು. ಆದರೆ ಚರಿತ್ರೆ ಓದುವವರು ‘ಯಾವುದನ್ನು ಸಿನಿಮಾ ಎನ್ನುತ್ತೀರಿ?’ ಎಂದು ಮೊದಲು ಕೇಳಬೇಕು. ಸ್ಮಾರಕ ಅಂಚೆಚೀಟಿಯೊಂದು ಕೈಗೆ ಬಂದಾಗ ಅದರ ಇಸವಿಯನ್ನೂ ಚಿತ್ರವನ್ನೂ ಹೋಲಿಸಿ ನೋಡಿ.