ಗಂಟೆಗೆ ನೂರೈವತ್ತು ಮೈಲಿ!

1961ರ ಮಾರ್ಚ್ ತಿಂಗಳಲ್ಲಿ ಜಿನೀವಾ ನಗರದ ಮೋಟಾರು ಪ್ರದರ್ಶನದಲ್ಲಿ ಇಂಗ್ಲೆಂಡಿನ ಜಾಗ್ವಾರ್ ಕಂಪನಿಯ ಹೊಸ ಸ್ಪೋರ್ಟ್ಸ್ ಕಾರು ‘ಇ-ಟೈಪ್’ ಪ್ರಕಟವಾಯಿತು. ಅದರಲ್ಲೊಮ್ಮೆ ಕುಳಿತು ಸುತ್ತಿಬರಬೇಕೆಂಬವರ ನೂಕುನುಗ್ಗಲು ಎಷ್ಟಿತ್ತೆಂದರೆ, ಕಂಪನಿಯ ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಕವೆಂಟ್ರಿಯಿಂದ ಮತ್ತೊಂದು ಕಾರನ್ನು ರಾತ್ರೋರಾತ್ರಿ ಓಡಿಸಿಕೊಂಡು ಬರಬೇಕಾಯಿತು.

‘ಆಟೋಕಾರ್’ ಪತ್ರಿಕೆಯವರು ಪರೀಕ್ಷಿಸಿದಾಗ ಅದು ಗಂಟೆಗೆ 150 ಮೈಲಿ ವೇಗವನ್ನು ಮುಟ್ಟಿತು. ಆಸ್ಟನ್ ಮಾರ್ಟಿನ್ ಡಿಬಿ4, ಫೆರಾರಿ 250 ಜಿಟಿ ಇದರ ಪ್ರತಿಸ್ಪರ್ಧಿಗಳು. ವೇಗದಲ್ಲಿ ಅವುಗಳಿಗೆ ಸರಿಸಾಟಿ. ಬೆಲೆಯಾದರೋ ಸುಮಾರು 2,100 ಪೌಂಡು, ಆಸ್ಟನ್ನಿನದರ ಹೆಚ್ಚುಕಡಿಮೆ ಅರ್ಧ!

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಪತ್ರಿಕೆಗಳಿಗೆ ಕೊಟ್ಟ ಕಾರುಗಳು ಪರೀಕ್ಷೆಗೆಂದೇ ಅಣಿಗೊಳಿಸಿದವು. ಹಣ ತೆತ್ತು ಕೊಂಡವರ ಕಾರು ಆ ವೇಗವನ್ನು ಮುಟ್ಟುವುದು ಸುಲಭವಾಗಿರಲಿಲ್ಲ. ಗೇರು ಬದಲಿಸುವುದು ನಿಧಾನ. ಮೊದಲನೆಯ ಗೇರಿಗಂತೂ ಚಲಿಸುತ್ತಿರುವಾಗ ಇಳಿಯಹೊರಟರೆ ಕರಕರ ಸದ್ದು. ಆಸನ ದೂರಪ್ರಯಾಣಕ್ಕೆ ಹಿತವಲ್ಲ; ಬ್ರೇಕು ಅಂಥ ವೇಗಕ್ಕೆ ಸಾಲದು. ಈ ಕುಂದುಗಳನ್ನು ಬಲ್ಲವರು ಮುಚ್ಚುಮರೆಯಿಲ್ಲದೆ ಎತ್ತಿ ಹೇಳಿದರು.

1964ರಲ್ಲಿ 4.2 ಲೀಟರ್ ಇಂಜಿನ್ನಿನ ಇ-ಟೈಪ್ ಬಂದಿತು. ಕಂಪನಿ ಹೇಳಿದ ಅಶ್ವಶಕ್ತಿ ಮೊದಲಿನ 265ರಷ್ಟೇ. ಬದಲಾದದ್ದು ಗೇರುಪೆಟ್ಟಿಗೆ, ಆಸನ, ಬ್ರೇಕು. ನೂರೈವತ್ತರ ಅಂಕಿ ಕಾರಿಗೆ ಕೀರ್ತಿ ತಂದಿತು, ನಿಜ. ಆದರೆ ಅದರಲ್ಲಿ ದಿನವೂ ಕುಳಿತು ಓಡಾಡುವವನಿಗೆ ಉಪಕಾರ ಮಾಡಿದ್ದು, ದೋಷವನ್ನು ದೋಷವೆಂದೇ ಹೇಳಿದ ಮಾತು.