ಬಯೋಸ್ಟ್ಯಾಟಿಸ್ಟಿಕ್ಸ್ ಸೀಟು ಸಿಕ್ಕೀತೆ? ಲೆಕ್ಕ ಹಾಕಿ ನೋಡೋಣ



ಮಂಗನ ಕಾಯಿಲೆ ಎಂದರೇನೆಂದು ಮಲೆನಾಡಿನವರಾದ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ 2024ರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿತು. ಇದಕ್ಕೆ ಬಹುಕಾಲ ಒಂದು ಲಸಿಕೆ ಹಾಕಲಾಗುತ್ತಿತ್ತು. ಅದು ಎಷ್ಟರ ಮಟ್ಟಿಗೆ ಕಾಪಾಡುತ್ತದೆ ಎಂಬುದನ್ನು 2005ರಿಂದ 2010ರವರೆಗಿನ ಕರ್ನಾಟಕದ ಅಂಕಿ ಅಂಶಗಳಿಂದ ಲೆಕ್ಕ ಹಾಕಿದಾಗ, ಎರಡು ಡೋಸ್ ಪಡೆದವರಿಗೆ ಸಿಕ್ಕ ರಕ್ಷಣೆ ಸುಮಾರು ಶೇಕಡಾ 62 ಎಂದು ತಿಳಿಯಿತು. ಅಂದರೆ ಲಸಿಕೆ ಪಡೆಯದ ಒಂದು ಗುಂಪಿನಲ್ಲಿ 100 ಜನರಿಗೆ ಕಾಯಿಲೆ ಬಂದರೆ, ಅಷ್ಟೇ ದೊಡ್ಡದಾದ, ಲಸಿಕೆ ಪಡೆದ ಗುಂಪಿನಲ್ಲಿ 38 ಜನರಿಗಾದರೂ ಬರುತ್ತದೆ. 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು.

ಈ 62 ಎಂಬ ಅಂಕಿಯನ್ನು ಪಡೆಯುವುದು ಎಣಿಸಿದಷ್ಟು ಸುಲಭವಲ್ಲ. ಲಸಿಕೆ ಹಾಕಿಸಿಕೊಂಡವರು ಕಾಡಿಗೆ ಹೋಗುವಾಗಲೂ ಹೆಚ್ಚು ಎಚ್ಚರ ವಹಿಸುವವರೇ ಆಗಿದ್ದರೆ? ಆಗ ಕಾಪಾಡಿದ್ದು ಲಸಿಕೆಯೋ, ಎಚ್ಚರವೋ? ಇಂಥ ಗಂಟುಗಳನ್ನು ಬಿಡಿಸುವ ಶಾಸ್ತ್ರವೇ ಬಯೋಸ್ಟ್ಯಾಟಿಸ್ಟಿಕ್ಸ್. ಕನ್ನಡದಲ್ಲಿ ಜೈವಿಕ ಸಂಖ್ಯಾಶಾಸ್ತ್ರ ಎನ್ನಬಹುದು. ಇದರಲ್ಲಿ ಸ್ನಾತಕೋತ್ತರ ಪದವಿ ಓದಬಯಸುವವರು ಮೊದಲು ಕೇಳುವ ಪ್ರಶ್ನೆ, 'ನನಗೆ ಸೀಟು ಸಿಗುತ್ತದೆಯೇ?' ಎಂಬುದು. ಪರದೆಯ ಮೇಲೆ ಮಾತಿನಲ್ಲಿ ಹೇಳಿ ಮುಗಿಸಲಾಗದ ಈ ಲೆಕ್ಕವನ್ನು ಇಲ್ಲಿ ಕಾಗದದ ಮೇಲೆ ಮಾಡಿ ನೋಡೋಣ. ಲೆಕ್ಕವೂ ಸಂಖ್ಯಾಶಾಸ್ತ್ರದ್ದೇ.

ಸಾಮಾನ್ಯವಾಗಿ ಎಲ್ಲರೂ ಮಾಡುವುದು ಅರ್ಜಿಗಳ ಸಂಖ್ಯೆಯಿಂದ ಸೀಟುಗಳನ್ನು ಭಾಗಿಸುವ ಕೆಲಸ. ಒಂದು ಸಂಸ್ಥೆಯಲ್ಲಿ 10 ಸೀಟು, 500 ಅರ್ಜಿ ಎಂದು ಕಲ್ಪಿಸಿಕೊಳ್ಳಿ. ಶೇಕಡಾ 2. ಇದನ್ನು ಕೇಳಿದ ಕೂಡಲೇ ಎಷ್ಟೋ ಮಂದಿ ಆಸೆ ಬಿಟ್ಟುಬಿಡುತ್ತಾರೆ. ಆದರೆ ಈ ಶೇಕಡಾ 2 ಯಾರದು? ನಿಮ್ಮದಲ್ಲ, ನಿಮ್ಮ ಪಕ್ಕದವರದೂ ಅಲ್ಲ. ಅದು ಬರಿಯ ಸರಾಸರಿ. ಆ 500ರಲ್ಲಿ ಗಣಿತ ಗಟ್ಟಿಯಾಗಿರುವವರು 100 ಜನ, ಅವರಿಗೆ ಸಿಗುವ ಸೀಟು 8 ಎಂದಿಟ್ಟುಕೊಳ್ಳೋಣ. ಉಳಿದ 400 ಜನರಿಗೆ ಸಿಗುವುದು 2. ಮೊದಲ ಗುಂಪಿನವರ ಸಂಭವನೀಯತೆ ಶೇಕಡಾ 8, ಎರಡನೆಯವರದು ಶೇಕಡಾ ಅರ್ಧ. ಹದಿನಾರು ಪಟ್ಟು ವ್ಯತ್ಯಾಸ! ಹೀಗೆ ಒಂದು ಸಂಗತಿ ಗೊತ್ತಾದ ಮೇಲೆ ಬದಲಾಗುವ ಸಂಭವನೀಯತೆಯನ್ನು ಷರತ್ತುಬದ್ಧ ಸಂಭವನೀಯತೆ ಎನ್ನುತ್ತಾರೆ. ನೀವು ಕೇಳಬೇಕಾದ ಪ್ರಶ್ನೆ, ನಾನು ಯಾವ ಗುಂಪಿನಲ್ಲಿದ್ದೇನೆ ಎಂಬುದು.

ಹೆಸರಿನಲ್ಲಿ 'ಬಯೋ' ಇರುವುದರಿಂದ ಜೀವಶಾಸ್ತ್ರ ಓದಿದವರಿಗೇ ಇದು ಮೀಸಲು ಎಂದು ಭಾವಿಸುವವರಿದ್ದಾರೆ. ಇದು ತಪ್ಪು ಕಲ್ಪನೆ. ಇಲ್ಲಿ ಬಾಗಿಲು ತೆರೆಯುವುದು ಗಣಿತ. ಪದವಿಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ ಓದಿರಬೇಕೆಂಬುದು ಸಾಮಾನ್ಯ ನಿಯಮ. ಹಾಗಾಗಿ ಪಿ.ಯು.ಸಿ.ಯಲ್ಲಿ, 'ಡಾಕ್ಟರಿಕೆಗೆ ಗಣಿತ ಬೇಡವಲ್ಲ' ಎಂದು ಗಣಿತ ಕೈಬಿಟ್ಟು, ಮುಂದೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳ ಬಿ.ಎಸ್ಸಿ. ಸೇರಿದವರಿಗೆ ಈ ದಾರಿ ತಮಗೇ ತಿಳಿಯದಂತೆ ಕಿರಿದಾಗಿಬಿಡುತ್ತದೆ. ಹತ್ತನೆಯ ತರಗತಿ ಮುಗಿಸಿದವರು ಇದನ್ನು ಈಗಲೇ ಯೋಚಿಸಬೇಕು. ಗಣಿತ, ಜೀವಶಾಸ್ತ್ರ ಎರಡೂ ಇರುವ ಪಿ.ಸಿ.ಎಂ.ಬಿ. ತೆಗೆದುಕೊಂಡರೆ ಎರಡು ಕಡೆಯ ಬಾಗಿಲೂ ತೆರೆದಿರುತ್ತದೆ. ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇಲ್ಲದಿದ್ದರೆ ಎದೆಗುಂದಬೇಕಾಗಿಲ್ಲ. ಕ್ಯಾಲ್ಕುಲಸ್, ಮೇಟ್ರಿಕ್ಸ್, ಸಂಭವನೀಯತೆ ಈ ಮೂರು ಕೈವಶವಾಗಿದ್ದರೆ ಉಳಿದುದನ್ನು ಪುಸ್ತಕದಿಂದ ಕಲಿಯಬಹುದು.

ಇನ್ನು ಎಲ್ಲೆಲ್ಲಿ ಓದಬಹುದು? ಬೆಂಗಳೂರಿನ ನಿಮ್ಹಾನ್ಸ್‌, ಮಣಿಪಾಲ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜುಗಳಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಇದೆ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯಲ್ಲಿ ಇದನ್ನು ಜನಸಂಖ್ಯಾಶಾಸ್ತ್ರದೊಡನೆ ಸೇರಿಸಿ ಕಲಿಸುತ್ತಾರೆ. ಮಂಗಳೂರು, ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡಿಯೂ ಈ ಕ್ಷೇತ್ರಕ್ಕೆ ಬರಬಹುದು. ನನ್ನ ಅಭಿಪ್ರಾಯದಲ್ಲಿ ನಮ್ಮವರು ಈ ದಾರಿಯನ್ನು ಅನಗತ್ಯವಾಗಿ ಕಡೆಗಣಿಸುತ್ತಾರೆ. 1931ರಲ್ಲಿ ಮಹಾಲನೋಬಿಸ್ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಎಂ.ಸ್ಟ್ಯಾಟ್. ಪ್ರವೇಶ ಪರೀಕ್ಷೆ ಬಲು ಕಠಿಣ, ಆದರೆ ಅಲ್ಲಿ ಬೋಧನಾ ಶುಲ್ಕವಿಲ್ಲ, ವಿದ್ಯಾರ್ಥಿವೇತನವೂ ಉಂಟು. ಐ.ಐ.ಟಿ.ಗಳ ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ 'ಜ್ಯಾಮ್' ಎಂಬ ಪರೀಕ್ಷೆ ಇದೆ. ಅದರ ಪಠ್ಯದಲ್ಲಿ ಬರುವ ಕ್ರೇಮರ್-ರಾವ್ ಅಸಮತೆಯ ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ.

ಈ ಜ್ಯಾಮ್ ಪರೀಕ್ಷೆಯ ಅಂಕ ನೀಡುವ ಕ್ರಮವೇ ಒಂದು ಪಾಠ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಒಂದು ಅಂಕದ ಪ್ರಶ್ನೆಯಲ್ಲಿ ಉತ್ತರ ತಪ್ಪಾದರೆ ಮೂರನೆಯ ಒಂದು ಅಂಕ ಕಳೆಯುತ್ತಾರೆ. ಕಣ್ಣುಮುಚ್ಚಿ ಗುರುತು ಹಾಕಿದರೆ ಏನಾಗುತ್ತದೆ? ನಾಲ್ಕರಲ್ಲಿ ಒಂದು ಸಲ ಒಂದು ಅಂಕ ಬರುತ್ತದೆ, ಮೂರು ಸಲ ಮೂರನೆಯ ಒಂದರಂತೆ ಒಟ್ಟು ಒಂದು ಅಂಕ ಹೋಗುತ್ತದೆ. ಸರಾಸರಿ ಲಾಭ ಸೊನ್ನೆ. ಆದರೆ ಒಂದು ಉತ್ತರವಾದರೂ ಖಂಡಿತ ತಪ್ಪೆಂದು ತಿಳಿದು ಅದನ್ನು ಬಿಟ್ಟು ಊಹಿಸಿದರೆ ಸರಾಸರಿ ಒಂಬತ್ತನೆಯ ಒಂದು ಅಂಕ ಲಾಭ. ಎರಡನ್ನು ಬಿಡಲು ಬಂದರೆ ಮೂರನೆಯ ಒಂದು. ಅರ್ಧ ತಿಳಿವಳಿಕೆಗೂ ಬೆಲೆ ಇದೆ ಎಂದಾಯಿತು.

ನಿಮ್ಮ ಗುಂಪು ಯಾವುದೆಂದು ತಿಳಿಯಲು ಬಿ.ಎಸ್ಸಿ. ಅಂಕಪಟ್ಟಿ ಸಾಲದು. ಹಳೆಯ ಪ್ರಶ್ನೆಪತ್ರಿಕೆಗಳು ಆಯಾ ಸಂಸ್ಥೆಗಳ ವೆಬ್‌ಸೈಟಿನಲ್ಲಿ ದೊರೆಯುತ್ತವೆ. ಗಡಿಯಾರ ಇಟ್ಟುಕೊಂಡು, ಪುಸ್ತಕ ಮುಚ್ಚಿ, ಐದು ವರ್ಷದ ಐದು ಪತ್ರಿಕೆ ಬಿಡಿಸಿ. ಒಂದೇ ಪತ್ರಿಕೆಯಿಂದ ತೀರ್ಮಾನಕ್ಕೆ ಬರುವುದೆಂದರೆ ಒಂದೇ ದಿನದ ಮಳೆ ನೋಡಿ ಇಡೀ ಮಳೆಗಾಲವನ್ನು ಅಳೆದಂತೆ.

ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ಸಿಗಬಹುದೆಂದು ಹಲವೆಡೆ ಅರ್ಜಿ ಹಾಕುವುದು ಒಳ್ಳೆಯದೇ. ಮೂರು ಕಡೆಯೂ ತಲಾ ಶೇಕಡಾ 20 ಸಾಧ್ಯತೆ ಇದ್ದರೆ, ಮೂರೂ ಕೈತಪ್ಪುವ ಸಂಭವ 0.8ರ ಘನ, ಅಂದರೆ 0.512. ಒಂದಾದರೂ ಸಿಗುವ ಸಂಭವ ಶೇಕಡಾ 49ರ ಸಮೀಪ. ಕೇಳಲು ಹಿತವಾಗಿದೆ. ಆದರೆ ಈ ಲೆಕ್ಕ ನಿಲ್ಲುವುದು ಮೂರೂ ಘಟನೆಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದಾಗ ಮಾತ್ರ. ನಿಮ್ಮ ಮನೆಗೆ ಮೂರು ಅಡಿಕೆ ತೋಟ ಇದ್ದರೆ, ಮಳೆ ಬಿಡದೆ ಹೊಡೆದ ವರ್ಷ ಕೊಳೆರೋಗ ಒಂದಕ್ಕೆ ಬಂದು ಎರಡನ್ನು ಬಿಡುತ್ತದೆಯೇ? ಹಾಗೆಯೇ ಕ್ಯಾಲ್ಕುಲಸ್ ದುರ್ಬಲವಾಗಿದ್ದರೆ ಮೂರು ಪರೀಕ್ಷೆಗಳಲ್ಲೂ ಅದೇ ಕೈಕೊಡುತ್ತದೆ. ಆದ್ದರಿಂದ ಒಂದೇ ಬಗೆಯ ಮೂರು ಕಡೆಗಿಂತ ಬೇರೆ ಬೇರೆ ಬಗೆಯ ಮೂರು ಕಡೆ ಪ್ರಯತ್ನಿಸಿ: ಕಠಿಣ ಪರೀಕ್ಷೆಯದೊಂದು, ಪದವಿಯ ಅಂಕಗಳಿಗೆ ಬೆಲೆ ಕೊಡುವುದೊಂದು, ಶುಲ್ಕ ಮನೆಯವರಿಗೆ ಹೊರೆಯಾಗದಂಥದೊಂದು. ಸೀಟು ಸಿಕ್ಕಿಯೂ ಹಣ ಹೊಂದಿಸಲಾಗದಿದ್ದರೆ ಅದನ್ನು ಸಿಕ್ಕಿದ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ವಿದೇಶದ ವಿಷಯ ಸಂಕ್ಷೇಪವಾಗಿ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಈ ವಿಭಾಗ 1918ರಿಂದ ಇದೆ. ಅಲ್ಲಿನ ವಿಭಾಗಗಳು ಮುಖ್ಯವಾಗಿ ನೋಡುವುದೂ ಕ್ಯಾಲ್ಕುಲಸ್ ಮತ್ತು ರೇಖೀಯ ಬೀಜಗಣಿತವನ್ನೇ. ಕೆಲವು ವಿಶ್ವವಿದ್ಯಾಲಯಗಳು ಒಟ್ಟು 16 ವರ್ಷಗಳ ವಿದ್ಯಾಭ್ಯಾಸ ಕೇಳುತ್ತವೆ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿದಿರುವುದರಿಂದ, ಇಲ್ಲಿ ಎಂ.ಎಸ್ಸಿ. ಮುಗಿಸಿ ಹೋಗುವುದೇ ಲೇಸು.

ಇನ್ನೊಂದು ಮಾತು ನಿಮ್ಮ ಕಡೆ ಆಗಾಗ ಕೇಳಿಬರುತ್ತದೆ: 'ನಮ್ಮೂರಿನಿಂದ ಇದಕ್ಕೆ ಯಾರೂ ಹೋಗಿಲ್ಲ, ನಮಗೆಲ್ಲಿ ಸಿಗುತ್ತದೆ?' ಸಂಖ್ಯಾಶಾಸ್ತ್ರ ಓದಬೇಕೆನ್ನುವವರು ಈ ವಾದವನ್ನು ಒಪ್ಪಬಾರದು. ನೂರು ಜನ ಅರ್ಜಿ ಹಾಕಿ ಒಬ್ಬರಿಗೂ ಸಿಗದಿದ್ದರೆ ಅದೊಂದು ಮಾಹಿತಿ. ಯಾರೂ ಅರ್ಜಿಯನ್ನೇ ಹಾಕದೆ ಯಾರಿಗೂ ಸಿಗದಿದ್ದರೆ ಅದು ಶೇಕಡಾ ಸೊನ್ನೆಯಲ್ಲ; ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತೆ, ಅದಕ್ಕೆ ಬೆಲೆಯೇ ಇಲ್ಲ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ಮದುವೆ ಮನೆಯಲ್ಲಿ ಸುದ್ದಿಯಾಗುವುದು ಸೀಟು ಸಿಕ್ಕಿದವರು ಮಾತ್ರ. ಸಿಗದವರು ಊಟ ಮುಗಿಸಿ ಸುಮ್ಮನೆ ಹೊರಟುಹೋಗಿರುತ್ತಾರೆ.

ಕಡೆಯದಾಗಿ ಕಾಗದಪತ್ರ. ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗದ ಮೀಸಲಾತಿಗೆ ರಾಜ್ಯದ ಪ್ರಮಾಣಪತ್ರ ನಡೆಯುವುದಿಲ್ಲ; ಕೇಂದ್ರದ ನಮೂನೆಯದೇ ಬೇಕು, ಎರಡು ಪಟ್ಟಿಗಳೂ ಒಂದೇ ಅಲ್ಲ. ತಾಲ್ಲೂಕು ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿ. ಜ್ಯಾಮ್ ಪರೀಕ್ಷೆ ನಡೆಯುವುದು ಫೆಬ್ರವರಿಯಲ್ಲಾದರೂ ಅರ್ಜಿಯ ಅವಧಿ ಹಿಂದಿನ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೇ ಬಂದು ಹೋಗುತ್ತದೆ. ಪದವಿಯ ಕೊನೆಯ ವರ್ಷಕ್ಕೆ ಕಾಲಿಟ್ಟವರು ಆಗಸ್ಟ್ ತಿಂಗಳಿನಿಂದಲೇ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು.